ಸತ್ಯನಿಷ್ಠ ಶಸ್ತ್ರವೈದ್ಯ ಥಿಯೊಡೋರ್ ಕೋಖರ್

ತಪ್ಪು ಮಾಡದವರು ಲೋಕದಲ್ಲಿ ವಿರಳ. ಮಾಡಿದ ತಪ್ಪನ್ನು ತಾವೇ ಅರಸಿ, ಪರಹಿತಕ್ಕಾಗಿ ಬಹಿರಂಗವಾಗಿ ಸಾರಿದವರು ಅವರಿಗಿಂತಲೂ ವಿರಳ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡೋರ್ ಕೋಖರ್ ಅಂಥ ಮಹನೀಯರಲ್ಲೊಬ್ಬರು.

ಕೋಖರರು 1841ರ ಆಗಸ್ಟ್ 25ರಂದು ಬರ್ನ್ ನಗರದಲ್ಲಿ ಜನಿಸಿದರು. ಅಲ್ಲಿಯೇ ವೈದ್ಯವಿದ್ಯೆಯನ್ನು ಪೂರೈಸಿ, ಬರ್ಲಿನ್, ಲಂಡನ್, ಪ್ಯಾರಿಸ್, ವಿಯೆನ್ನಾಗಳಲ್ಲಿ ಅಂದಿನ ಶ್ರೇಷ್ಠ ಶಸ್ತ್ರವೈದ್ಯರ ಹಸ್ತಕೌಶಲವನ್ನು ಕಣ್ಣಾರೆ ಕಂಡು ಬಂದರು. 1872ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲಿಯೇ, ಬರ್ನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಪ್ರಾಧ್ಯಾಪಕರಾದರು.

ಆಲ್ಪ್ಸ್ ಪರ್ವತದ ತಪ್ಪಲಿನ ಮಣ್ಣು ನೀರುಗಳಲ್ಲಿ ಅಯೋಡಿನ್ ಅಂಶ ಕಡಿಮೆ. ಆದ್ದರಿಂದ ಆ ಸೀಮೆಯಲ್ಲಿ ಗಳಗಂಡ ರೋಗವು ಮನೆಮನೆಯ ಪೀಡೆಯಾಗಿತ್ತು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಕಾರ್ಯವೇನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಊದಿದ ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆಯುವುದೇ ಮೇಲೆಂದು ಕೋಖರರೂ ನಂಬಿದ್ದರು. ರಕ್ತಸ್ರಾವಕ್ಕೆ ಎಡೆಗೊಡದ ಅವರ ಶಸ್ತ್ರಕ್ರಿಯೆಗೆ ಕೀರ್ತಿಯೂ ದೊರೆಯಿತು.

1874ರಲ್ಲಿ ಅವರು ಹನ್ನೊಂದು ವರ್ಷದ ಬಾಲೆಯೊಬ್ಬಳ ಗ್ರಂಥಿಯನ್ನು ಹೀಗೆಯೇ ತೆಗೆದಿದ್ದರು. ಗಾಯ ಮಾಯಿತು, ಆದರೆ ಹುಡುಗಿಯ ಬೆಳವಣಿಗೆ ನಿಂತಿತು, ಬುದ್ಧಿ ಮಂಕಾಯಿತು. ಮೊದಲು ಅವಳಂತೆಯೇ ತೋರುತ್ತಿದ್ದ ತಂಗಿ ಅಕ್ಕನನ್ನು ಮೀರಿ ಬೆಳೆದಳು. ಜಿನೀವಾದ ರೆವರ್ಡಿನ್ ಎಂಬ ವೈದ್ಯರೂ ಇಂಥ ಪರಿಣಾಮಗಳನ್ನು ಗಮನಿಸಿದ್ದರು. ಕೋಖರರು ಸುಮ್ಮನಿರಲಿಲ್ಲ, ತಮ್ಮ ಹಳೆಯ ರೋಗಿಗಳನ್ನು ಮರಳಿ ಕರೆಸಿದರು. ಪೂರ್ಣ ಗ್ರಂಥಿಯನ್ನು ಕಳೆದುಕೊಂಡು ಬಂದ 18 ಮಂದಿಯಲ್ಲಿ 16 ಮಂದಿಗೆ ಅದೇ ದುರವಸ್ಥೆ! 1883ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಅವರು ಇದನ್ನು ಮರೆಮಾಚದೆ ನಿವೇದಿಸಿದರು. ನಿರಪಾಯದ ಗಡ್ಡೆಗಾಗಿ ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆಯಬಾರದೆಂದು ಸಾರಿದರು. ಗ್ರಂಥಿಯ ಮಹತ್ವ ಜಗತ್ತಿಗೆ ತಿಳಿದದ್ದು ಈ ನಿವೇದನೆಯಿಂದ.

ಮುಂದೆ ಅವರ ಶಸ್ತ್ರಕ್ರಿಯೆಗಳು ಐದು ಸಾವಿರವನ್ನು ಮೀರಿದವು. ಮರಣಪ್ರಮಾಣ ಶೇಕಡಾ ಒಂದಕ್ಕಿಂತ ಕೆಳಗಿಳಿಯಿತು. 1909ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಶಸ್ತ್ರವೈದ್ಯರಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಬಳಿಕ 2 ಲಕ್ಷ ಸ್ವಿಸ್ ಫ್ರಾಂಕುಗಳನ್ನು ಬರ್ನ್‌ನಲ್ಲಿ ಸಂಶೋಧನಾಲಯ ಸ್ಥಾಪನೆಗಾಗಿ ದಾನವಿತ್ತರು. 1917ರ ಜುಲೈ 27ರಂದು ಅವರು ಕೀರ್ತಿಶೇಷರಾದರು.

ಗ್ರಂಥಿ ಅಮೂಲ್ಯವೆಂದಾದ ಮೇಲೆ, ಕತ್ತಿನ ಗಂಟು ನಿರಪಾಯದ್ದೋ ಕ್ಯಾನ್ಸರೋ ಎಂಬುದನ್ನು ಶಸ್ತ್ರ ಹಿಡಿಯುವ ಮುನ್ನವೇ ನಿರ್ಣಯಿಸುವುದು ವೈದ್ಯರ ಹೊಣೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಸ್ಟಾಕ್‌ಹೋಮಿನ ವೈದ್ಯರು ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದರು. 2009ರಲ್ಲಿ ಪ್ರಕಟವಾದ ಬೆಥೆಸ್ಡಾ ಪದ್ಧತಿ ಆ ಫಲಿತಾಂಶಗಳನ್ನು ಆರು ವರ್ಗಗಳಾಗಿ ವಿಂಗಡಿಸಿತು. ಕೆಲವು ಗಂಟುಗಳ ವಿಷಯದಲ್ಲಿ ಸೂಜಿಯೂ ಖಚಿತವಾಗಿ ಹೇಳಲಾರದು; ಅದನ್ನು ಸಂದಿಗ್ಧವೆಂದೇ ಬರೆಯುವುದು ಆ ಪದ್ಧತಿಯ ಪ್ರಾಮಾಣಿಕತೆ.

ಬಮ್ಮಿಗಟ್ಟಿಯಂಥ ಗ್ರಾಮದ ತಾಯಿಯೊಬ್ಬಳ ಕತ್ತಿನಲ್ಲಿ ಗಂಟು ಕಂಡರೆ ಭಯಪಡಬೇಕಾಗಿಲ್ಲ. ಇಂಥ ಗಂಟುಗಳಲ್ಲಿ ಬಹುಪಾಲು ನಿರಪಾಯವಾದವು. ಆದರೆ ಉದಾಸೀನವೂ ಸಲ್ಲದು. ಪರೀಕ್ಷೆ ಮಾಡಿಸಿಯೇ ತೀರಬೇಕು. ತಿಳಿಯದೆ ಕತ್ತರಿಸಬಾರದು, ತಿಳಿದ ಮೇಲೆ ತಡಮಾಡಬಾರದು ಎಂಬುದೇ ಕೋಖರರ ಬಾಳಿನಿಂದ ನಾವು ಕಲಿಯುವ ಪಾಠ.