ಕೊಳದ ದಂಡೆಯ ಮಾಸ್ತರ: ಹೆನ್ರಿ ಡೇವಿಡ್ ಥೋರೋ

ಹೆನ್ರಿ ಡೇವಿಡ್ ಥೋರೋ ಅವರ ಹೆಸರನ್ನು ನಾವು ಸಾಮಾನ್ಯವಾಗಿ ಕೇಳುವುದು ಗಾಂಧೀಜಿಯವರ ಪಾಠ ಬಂದಾಗ. ಅನ್ಯಾಯದ ಕಾನೂನಿಗೆ ತಲೆಬಾಗಬಾರದೆಂದು ಅವರು ಬರೆದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಓದಿ ಮೆಚ್ಚಿದ್ದರು ಎಂಬಲ್ಲಿಗೆ ಆ ಪರಿಚಯ ಮುಗಿದುಬಿಡುತ್ತದೆ. ಥೋರೋ ನಮ್ಮ ವಯಸ್ಸಿನಲ್ಲಿ ಶಾಲಾ ಮಾಸ್ತರರಾಗಿದ್ದರು. ಮಕ್ಕಳನ್ನು ಹೊಡೆಯಲಾರೆನೆಂದು ಕೆಲಸ ಬಿಟ್ಟವರು. ಮುಂದೆ ಒಂದು ಖೋಲಿಯ ಮನೆಯನ್ನು ಕೈಯಾರೆ ಕಟ್ಟಿಕೊಂಡು, ಕೊಳದ ನೀರು ತಂದುಕೊಂಡು ಎರಡು ವರ್ಷ ಬದುಕಿದವರು. ಬೋಧನಾಭ್ಯಾಸಕ್ಕೆ ಹಳ್ಳಿ ಶಾಲೆಗಳಿಗೆ ಹೋಗುವ ನಮಗೆ ಅವರ ಜೀವನದ ಈ ಭಾಗವೇ ಹೆಚ್ಚು ಹತ್ತಿರದ್ದು ಎಂದು ತಿಳಿದು ಇಲ್ಲಿ ಬರೆದಿದ್ದೇನೆ.

ಮಾಸ್ತರಿಕೆ

ಥೋರೋ ಜನಿಸಿದ್ದು 1817ರ ಜುಲೈ 12ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನಲ್ಲಿ. ತಂದೆ ಜಾನ್ ಪೆನ್ಸಿಲ್ ತಯಾರಿಸುತ್ತಿದ್ದರು. ತಾಯಿ ಸಿಂಥಿಯಾ ಮನೆಯಲ್ಲಿ ಊಟ ವಸತಿಯ ಬಾಡಿಗೆದಾರರನ್ನು ಇರಿಸಿಕೊಂಡು ಸಂಸಾರ ತೂಗಿಸುತ್ತಿದ್ದರು. ನಾಲ್ಕು ಮಕ್ಕಳಲ್ಲಿ ಹೆನ್ರಿ ಮೂರನೆಯವರು. 1833ರಲ್ಲಿ ಹಾರ್ವರ್ಡ್ ಕಾಲೇಜು ಸೇರಿ 1837ರಲ್ಲಿ ಪದವಿ ಪಡೆದರು. ಆ ವರ್ಷ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಮುಗ್ಗಟ್ಟು. ಪದವೀಧರರಿಗೆ ಕೆಲಸ ಸಿಗುವುದೇ ಕಷ್ಟವಾಗಿದ್ದ ಹೊತ್ತಿನಲ್ಲಿ ಅವರಿಗೆ ತಮ್ಮೂರಿನ ಸಾರ್ವಜನಿಕ ಶಾಲೆಯಲ್ಲಿಯೇ ಮಾಸ್ತರಿಕೆ ಸಿಕ್ಕಿತು.

ಎರಡು ವಾರ ಕಳೆಯುವುದರೊಳಗೆ ಶಾಲಾ ಸಮಿತಿಯ ಸದಸ್ಯರೊಬ್ಬರು ತರಗತಿ ನೋಡಲು ಬಂದರು. ಮಕ್ಕಳನ್ನು ಹೊಡೆಯದೆ ಶಿಸ್ತು ಉಳಿಯದು, ಬೆತ್ತ ಬಳಸಲೇಬೇಕು ಎಂದು ತಾಕೀತು ಮಾಡಿ ಹೋದರು. ಅಂದು ಥೋರೋ ಕೆಲವು ಮಕ್ಕಳನ್ನು, ತಪ್ಪು ಮಾಡಿದವರು ಮಾಡದವರು ಎಂದು ನೋಡದೆ ಆರಿಸಿ ಹೊಡೆದರು. ಆ ಸಂಜೆಯೇ ರಾಜೀನಾಮೆ ಕೊಟ್ಟರು. ಬೆತ್ತದ ನಿಯಮ ಎಷ್ಟು ಅರ್ಥಹೀನವೆಂದು ತೋರಿಸುವುದು ಅವರ ಉದ್ದೇಶವಾಗಿದ್ದಿರಬಹುದು. ಆದರೆ ಏಟು ತಿಂದ ಮಕ್ಕಳ ಪಾಲಿಗೆ ಅದು ಅನ್ಯಾಯವೇ. ಜೀವನಚರಿತ್ರೆ ಬರೆಯುವಾಗ ಇದನ್ನು ಮುಚ್ಚಿಡಬಾರದು. ನಮ್ಮ ದೇಶದಲ್ಲಿ ಶಾಲೆಯ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಅಂಥ ಕಾನೂನಿನ ಆಸರೆಯಿಲ್ಲದ ಕಾಲದಲ್ಲಿ, ಇಪ್ಪತ್ತರ ಯುವಕ ಸಿಕ್ಕ ಸಂಬಳದ ಕೆಲಸವನ್ನೇ ಬಿಟ್ಟನೆಂಬುದು ಸಣ್ಣ ಮಾತಲ್ಲ.

1838ರಲ್ಲಿ ಅವರು ಸ್ವಂತ ಶಾಲೆ ತೆರೆದರು. ಅಣ್ಣ ಜಾನ್ ಕೂಡ ಬಂದು ಸೇರಿಕೊಂಡರು. ಅಲ್ಲಿ ಬೆತ್ತವಿರಲಿಲ್ಲ. ಮಕ್ಕಳನ್ನು ಹೊಳೆ, ಹೊಲ, ಕಾಡುಗಳಿಗೆ ಕರೆದುಕೊಂಡು ಹೋಗಿ ಗಿಡ, ಹಕ್ಕಿಗಳ ಪರಿಚಯ ಮಾಡಿಸುತ್ತಿದ್ದರು. ಲೆಕ್ಕದ ಪಾಠ ಹಲಗೆಯ ಮೇಲೆಯೇ ಉಳಿಯಬಾರದೆಂದು ಥೋರೋ ಭೂಮಾಪನದ ಉಪಕರಣ ಕೊಂಡು ಮಕ್ಕಳಿಂದ ನೆಲ ಅಳೆಯಿಸಿದರು. ಇಂದು ನಾವು ಪಾಠಯೋಜನೆಯಲ್ಲಿ ಬರೆಯುವ ಅನುಭವಾತ್ಮಕ ಕಲಿಕೆಯನ್ನು ಆ ಅಣ್ಣತಮ್ಮಂದಿರು ಹೆಸರಿಡದೆ ಮಾಡುತ್ತಿದ್ದರು. 1841ರಲ್ಲಿ ಜಾನ್ ಅವರ ಆರೋಗ್ಯ ಕೆಟ್ಟು ಶಾಲೆ ಮುಚ್ಚಿತು. 1842ರ ಜನವರಿಯಲ್ಲಿ ಕ್ಷೌರದ ಕತ್ತಿಯಿಂದಾದ ಸಣ್ಣ ಗಾಯ ಧನುರ್ವಾಯುವಿಗೆ ತಿರುಗಿ ಜಾನ್ ತೀರಿಕೊಂಡರು. ಹೆನ್ರಿ ಮತ್ತೆ ಶಾಲೆ ತೆರೆಯಲಿಲ್ಲ.

ಮನೆ ಕಟ್ಟಿದ ಬಗೆ

ಕಾಂಕರ್ಡ್‌ನಿಂದ ಸುಮಾರು ಒಂದೂವರೆ ಮೈಲಿ ದೂರದಲ್ಲಿ ವಾಲ್ಡನ್ ಎಂಬ ಕೊಳವಿದೆ. ಅದು ನಮ್ಮ ಕೆರೆಗಳಂತೆ ಒಡ್ಡು ಹಾಕಿ ಕಟ್ಟಿದ್ದಲ್ಲ, ಹಿಮನದಿ ಬಿಟ್ಟುಹೋದ ತಗ್ಗಿನಲ್ಲಿ ಅಂತರ್ಜಲ ನಿಂತು ಆದದ್ದು. ಅದರ ದಂಡೆಯ ಜಮೀನನ್ನು ಲೇಖಕ ಎಮರ್ಸನ್ 1844ರಲ್ಲಿ ಕೊಂಡಿದ್ದರು. ಥೋರೋ ಅಲ್ಲಿ ಮನೆ ಕಟ್ಟಲು ಅವರ ಒಪ್ಪಿಗೆ ಪಡೆದರು. ಹಿಂದಿನ ವರ್ಷ ತಂದೆಯೊಂದಿಗೆ ಸ್ವಂತ ಮನೆ ಕಟ್ಟುವಾಗ ಕೈಜೋಡಿಸಿದ್ದರಿಂದ ಕೆಲಸದ ಪರಿಚಯವಿತ್ತು.

1845ರ ಮಾರ್ಚ್ ಕೊನೆಯಲ್ಲಿ ಕೊಡಲಿಯೊಂದನ್ನು ಕಡ ತಂದು ಪೈನ್ ಮರ ಕಡಿಯತೊಡಗಿದರು. ಕಂಬ, ತೊಲೆಗಳನ್ನು ಕೆತ್ತಿ ಸಿದ್ಧಮಾಡಿದರು. ರೈಲು ಹಳಿಯ ಕೆಲಸಕ್ಕೆ ಬಂದಿದ್ದ ಐರಿಷ್ ಕೂಲಿಕಾರನೊಬ್ಬನ ಜೋಪಡಿಯನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಹಲಗೆಗಳನ್ನು ಬಂಡಿಯಲ್ಲಿ ತಂದು ಬಿಸಿಲಿಗೆ ಹರವಿದರು. ನೆಲದಡಿಗೆ 6 ಅಡಿ ಚೌಕದ, 7 ಅಡಿ ಆಳದ ಹಗೇವಿನಂಥ ನೆಲಮಾಳಿಗೆ ತೋಡಿದರು. ಮೇ ತಿಂಗಳಲ್ಲಿ ಗೆಳೆಯರು ಬಂದು ಕಂಬ ನಿಲ್ಲಿಸಲು ನೆರವಾದರು. ಜುಲೈ 4ರಂದು ಅವರು ಆ ಮನೆ ಸೇರಿದಾಗ ಗೋಡೆಗೆ ಗಿಲಾವು ಆಗಿರಲಿಲ್ಲ, ಹೊಗೆಗೂಡು ಇರಲಿಲ್ಲ. ಹೊಗೆಗೂಡನ್ನು ಚಳಿಗಾಲಕ್ಕೆ ಮುನ್ನ ಕಟ್ಟಿದರು, ಗಿಲಾವು ಮಾಡಿದ್ದು ಹೆಪ್ಪುಗಟ್ಟುವ ಚಳಿ ಬಂದ ಮೇಲೆ.

ಮನೆಯ ಅಗಲ 10 ಅಡಿ, ಉದ್ದ 15 ಅಡಿ, ಕಂಬದ ಎತ್ತರ 8 ಅಡಿ. ಎರಡು ಕಡೆ ಒಂದೊಂದು ದೊಡ್ಡ ಕಿಟಕಿ, ಒಂದು ತುದಿಗೆ ಬಾಗಿಲು, ಎದುರಿಗೆ ಇಟ್ಟಿಗೆಯ ಒಲೆಗೂಡು. ಒಳಗೆ ಒಂದು ಮಂಚ, ಊಟದ ಮೇಜು, ಬರೆಯುವ ಮೇಜು, ಮೂರು ಕುರ್ಚಿ. ಇಡೀ ಮನೆಯ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟು. ಹಲಗೆಗೆ 8 ಡಾಲರ್ ಮೂರೂವರೆ ಸೆಂಟು, 1000 ಹಳೆಯ ಇಟ್ಟಿಗೆಗೆ 4 ಡಾಲರ್, ಮೊಳೆಗೆ 3 ಡಾಲರ್ 90 ಸೆಂಟು, ಗಾಜು ಸಹಿತ ಎರಡು ಹಳೆಯ ಕಿಟಕಿಗೆ 2 ಡಾಲರ್ 43 ಸೆಂಟು, ಗುರುತು ಹಾಕುವ ಸೀಮೆಸುಣ್ಣಕ್ಕೆ 1 ಸೆಂಟು ಎಂದು ಒಂದೂ ಬಿಡದೆ ಬರೆದಿಟ್ಟರು. ಗಿಲಾವಿನ ಸುಣ್ಣಕ್ಕೆ ಬೆರೆಸುವ ಪ್ರಾಣಿಗಳ ಕೂದಲಿಗೂ 31 ಸೆಂಟು ಬರೆದಿದ್ದಾರೆ. ನಮ್ಮಲ್ಲಿ ಗೋಡೆಯ ಮಣ್ಣು ಬಿರುಕು ಬಿಡದಿರಲೆಂದು ಹೊಟ್ಟು ಹಾಕಿ ತುಳಿಯುವಂತೆಯೇ ಅದು. ಹಾರ್ವರ್ಡ್‌ನಲ್ಲಿ ಒಂದು ಖೋಲಿಗೆ ಒಂದು ವರ್ಷಕ್ಕೆ 30 ಡಾಲರ್ ಬಾಡಿಗೆ ಇತ್ತು. ಹಾಗಾದರೆ ವಿದ್ಯಾರ್ಥಿಗಳಿಗೆ ಮನೆ ಕಟ್ಟುವುದನ್ನೇ ಕಲಿಸಿದರೆ ಹೇಗೆ ಎಂಬ ಯೋಚನೆ ಅವರದು.

ಸುಣ್ಣ ಹೇಗಾಗುತ್ತದೆಂದು ತಿಳಿಯಲು ಹೊಳೆಯ ಚಿಪ್ಪುಗಳನ್ನು ಸುಟ್ಟು ಸ್ವಲ್ಪ ಸುಣ್ಣವನ್ನೂ ಮಾಡಿ ನೋಡಿದ್ದರು. ಕ್ಯಾಲ್ಸಿಯಂ ಕಾರ್ಬೊನೇಟ್ ಕಾಯಿಸಿದರೆ ಕ್ಯಾಲ್ಸಿಯಂ ಆಕ್ಸೈಡ್ ಎಂದು ನಾವು ಸಮೀಕರಣ ಬರೆಸುವ ಪಾಠವನ್ನು ಅವರು ತಮ್ಮ ಗೋಡೆಯಲ್ಲಿ ಕಲಿತರು.

ನೀರಿನ ವಿಚಾರ

ಆ ಮನೆಗೆ ಬಾವಿಯಿಲ್ಲ, ನಲ್ಲಿಯಿಲ್ಲ. ಕುಡಿಯಲು, ಅಡಿಗೆಗೆ ಕೊಳದ ನೀರೇ. ಬೆಳಿಗ್ಗೆ ಎದ್ದು ಕೊಳದಲ್ಲಿಯೇ ಸ್ನಾನ. ನೆಲ ತೊಳೆಯುವ ದಿನ ಸಾಮಾನನ್ನೆಲ್ಲ ಹೊರಗಿಟ್ಟು, ನೀರು ಚೆಲ್ಲಿ, ಕೊಳದ ಬಿಳಿ ಉಸುಕು ಹಾಕಿ ಕಸಬರಿಗೆಯಿಂದ ತಿಕ್ಕುತ್ತಿದ್ದರು. ಬೇಸಿಗೆಯಲ್ಲಿ ಕೊಳದ ಮೇಲಿನ ನೀರು ಬೆಚ್ಚಗಾದಾಗ ಬಕೆಟ್ ತುಂಬಿ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ರಾತ್ರಿ ಕಳೆಯುವುದರೊಳಗೆ ನೀರು ತಣ್ಣಗಾಗುತ್ತಿತ್ತು. ಹತ್ತಿರದ ಒರತೆಯ ನೀರನ್ನೂ ತರುತ್ತಿದ್ದರು. ಚಳಿಗಾಲದಲ್ಲಿ ಕೊಡಲಿ ಹಿಡಿದು ಹೋಗಿ ಒಂದು ಅಡಿ ಹಿಮ ಸರಿಸಿ, ಅದರ ಕೆಳಗಿನ ಒಂದು ಅಡಿ ಮಂಜುಗಡ್ಡೆ ಒಡೆದು ನೀರು ತೆಗೆಯಬೇಕಿತ್ತು.

ಇಲ್ಲಿ ವಿಜ್ಞಾನ ಶಿಕ್ಷಕರು ಒಂದು ವ್ಯತ್ಯಾಸ ಗಮನಿಸಬೇಕು. ನಮ್ಮ ಮನೆಯ ಹರವಿಯಲ್ಲಿ ನೀರು ತಣ್ಣಗಾಗುವುದು ಮಣ್ಣಿನ ರಂಧ್ರಗಳಿಂದ ಜಿನುಗಿ ಆವಿಯಾಗುವಾಗ ಶಾಖ ಹೀರಿಕೊಳ್ಳುವುದರಿಂದ. ಥೋರೋ ಅವರ ಬಕೆಟ್ ತಣ್ಣಗಾಗುತ್ತಿದ್ದುದು ಮುಖ್ಯವಾಗಿ ಆಳದ ನೆಲ ಬೇಸಿಗೆಯಲ್ಲಿ ಹೊರಗಿನ ಗಾಳಿಗಿಂತ ತಂಪಾಗಿರುವುದರಿಂದ. ಪರಿಣಾಮ ಒಂದೇ, ಕಾರಣ ಬೇರೆ.

ವಾಲ್ಡನ್‌ಗೆ ತಳವೇ ಇಲ್ಲವೆಂದು ಆ ಊರಿನ ಜನ ನಂಬಿದ್ದರು. 1846ರ ಆರಂಭದಲ್ಲಿ, ಮಂಜುಗಡ್ಡೆ ಇನ್ನೂ ಗಟ್ಟಿಯಾಗಿದ್ದಾಗ, ಥೋರೋ ದಿಕ್ಸೂಚಿ, ಸರಪಳಿ, ಹುರಿಗೆ ಕಟ್ಟಿದ ಕಲ್ಲು ಹಿಡಿದು ಇಡೀ ಕೊಳ ಅಳೆದರು. ನೂರಕ್ಕೂ ಹೆಚ್ಚು ಕಡೆ ಆಳ ನೋಡಿದರು. ಅತಿ ಹೆಚ್ಚು ಆಳ 102 ಅಡಿ. ಕಲ್ಲು ತಳ ಬಿಟ್ಟ ಗಳಿಗೆ ಅವರ ಕೈಗೇ ತಿಳಿಯುತ್ತಿತ್ತು. ತಳಕ್ಕೆ ಕೂತ ಕಲ್ಲನ್ನು ಎಳೆಯಲು ಹೆಚ್ಚು ಬಲ ಬೇಕು, ಅದರ ಅಡಿಗೆ ನೀರು ಸೇರಿದೊಡನೆ ಹಗುರ. ಪ್ಲವನತೆಗೆ ಇದಕ್ಕಿಂತ ಸರಳ ಉದಾಹರಣೆ ಹುಡುಕುವುದು ಕಷ್ಟ. ನಂಬಿಕೆಯನ್ನು ಹಂಗಿಸದೆ, ಅಳತೆಯನ್ನು ಮುಂದಿಡುವ ಈ ರೀತಿಯೂ ಶಿಕ್ಷಕರಿಗೆ ಪಾಠವೇ.

1846-47ರ ಚಳಿಗಾಲದಲ್ಲಿ ವ್ಯಾಪಾರಿಯ ಆಳುಗಳು ಬಂದು ಕೊಳದ ಮಂಜುಗಡ್ಡೆಯನ್ನು ಕೊರೆದು ರಾಶಿ ಹಾಕಿದ್ದನ್ನೂ ಅವರು ನೋಡಿದರು. ಆ ಕಾಲಕ್ಕೆ ಮ್ಯಾಸಚೂಸೆಟ್ಸ್‌ನ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತ, ಮುಂಬಯಿ, ಮದರಾಸಿಗೆ ಬರುತ್ತಿತ್ತು. ಮದರಾಸಿನಲ್ಲಿ ಅದನ್ನು ಇಡುತ್ತಿದ್ದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನಲ್ಲಿದೆ.

ಬರೆಯದೆ ಉಳಿದ ಖರ್ಚು

ಎರಡೂವರೆ ಎಕರೆಯಷ್ಟು ನೆಲದಲ್ಲಿ ಹೆಚ್ಚಾಗಿ ಅವರೆಯಂಥ ಬೀನ್ಸ್ ಬೆಳೆದು, ಮೊದಲ ವರ್ಷ 8 ಡಾಲರ್ ಎಪ್ಪತ್ತೊಂದೂವರೆ ಸೆಂಟು ಲಾಭ ಕಂಡರು. ಎಂಟು ತಿಂಗಳ ಆಹಾರದ ಖರ್ಚನ್ನೂ ಬರೆದಿಟ್ಟರು. ಆದರೆ ಬಟ್ಟೆ ಒಗೆಯುವ, ಹೊಲಿಯುವ ಕೆಲಸ ಬಹುಪಾಲು ಮನೆಯ ಹೊರಗೆ ಆಗುತ್ತಿತ್ತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ತಾಯಿಯ ಮನೆ ನಡೆದು ಹೋಗುವಷ್ಟು ಹತ್ತಿರವಿತ್ತು, ಅಲ್ಲಿಯ ಊಟವೂ ಅವರಿಗೆ ಸಿಗುತ್ತಿತ್ತು. ನೀರಿನ ಕೆಲಸದಲ್ಲಿ ಅತಿ ಭಾರದ್ದೇ ಬಟ್ಟೆ ಒಗೆಯುವುದು. ಸೆಂಟುಗಳ ಲೆಕ್ಕ ಇಟ್ಟವರ ಪುಸ್ತಕದಲ್ಲಿ ಆ ಒಂದು ಸಾಲು ಖಾಲಿ ಉಳಿಯಿತು.

ಈ ಮಾತು ನಮ್ಮ ಭಾಗಕ್ಕೆ ಬೇಕಾದದ್ದು. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ನೆಲದಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಅದಕ್ಕಾಗಿ ತಲೆಮಾರುಗಳಿಂದ ಕುಡಿಯಲು ಕೆರೆಯ ನೀರೇ ಗತಿ. ನವಲಗುಂದದ ನೀಲಮ್ಮನ ಕೆರೆಯ ಹೆಸರು ಎಲ್ಲರೂ ಬಲ್ಲರು. ನಲ್ಲಿ ಬಂದ ಎಷ್ಟೋ ಊರುಗಳಲ್ಲಿಯೂ ನೀರು ದಿನಾಲು ಬರುವುದಿಲ್ಲ. ತಳ್ಳುಗಾಡಿಯಲ್ಲಿ ಕೊಡ ಇಟ್ಟುಕೊಂಡು ಹೋಗುವ, ತಲೆಯ ಮೇಲೆ ಸಿಂಬಿ ಇಟ್ಟು ಹೊರುವ ಕೆಲಸ ಹೆಚ್ಚಾಗಿ ತಾಯಂದಿರದು, ಹೆಣ್ಣುಮಕ್ಕಳದು. ಥೋರೋ ನಲ್ಲಿಯಿಲ್ಲದ ಬದುಕನ್ನು ತಾವೇ ಆರಿಸಿಕೊಂಡರು, ಬೇಕಾದಾಗ ಬಿಟ್ಟೂ ಬಂದರು. ನಮ್ಮ ತರಗತಿಯ ಹುಡುಗಿ ಅದನ್ನು ಆರಿಸಿಕೊಂಡವಳಲ್ಲ. ನೀರು ತುಂಬಿ ತಡವಾಗಿ ಬಂದ ಅವಳ ಮುಂದೆ ಸರಳ ಜೀವನದ ಗುಣಗಾನ ಮಾಡಿದರೆ ಥೋರೋ ಅವರ ಜೀವನವನ್ನು ತಪ್ಪಾಗಿ ಕಲಿಸಿದಂತೆ.

ಕೊನೆಯ ವರ್ಷಗಳು

1846ರ ಜುಲೈನಲ್ಲಿ ಥೋರೋ ತಲೆಗಂದಾಯ ಕೊಡದ ಕಾರಣ ಒಂದು ರಾತ್ರಿ ಜೈಲಿನಲ್ಲಿ ಕಳೆದರು. ಗುಲಾಮಗಿರಿಯನ್ನು ಒಪ್ಪುವ ಸರಕಾರಕ್ಕೆ ಹಣ ಕೊಡಲಾರೆ ಎಂಬುದು ಅವರ ನಿಲುವು. ಗಾಂಧೀಜಿ ಓದಿದ ಪ್ರಬಂಧ ಹುಟ್ಟಿದ್ದು ಅಲ್ಲಿಂದ, ಅಚ್ಚಾದದ್ದು 1849ರಲ್ಲಿ. 1847ರ ಸೆಪ್ಟೆಂಬರ್ 6ರಂದು, ಎರಡು ವರ್ಷ ಎರಡು ತಿಂಗಳು ಎರಡು ದಿನಗಳ ನಂತರ, ಅವರು ಆ ಮನೆ ಬಿಟ್ಟರು. ಮುಂದೆ ಜೀವನೋಪಾಯಕ್ಕೆ ಹಿಡಿದದ್ದು ಭೂಮಾಪನ. ಮಕ್ಕಳಿಗೆ ಲೆಕ್ಕ ಕಲಿಸಲೆಂದು ಆರಂಭಿಸಿದ ವಿದ್ಯೆಯೇ ಕೊನೆಗೆ ಅನ್ನ ಕೊಟ್ಟಿತು. 1849ರಲ್ಲಿ ಬಂದ ಅವರ ಮೊದಲ ಪುಸ್ತಕದ 1000 ಪ್ರತಿಗಳಲ್ಲಿ 706 ಮಾರಾಟವಾಗದೆ ಮರಳಿ ಬಂದವು. 1854ರಲ್ಲಿ ಕೊಳದ ಹೆಸರಿನ ಪುಸ್ತಕ ಪ್ರಕಟವಾಯಿತು. 1862ರ ಮೇ 6ರಂದು, 44ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಅವರ ಮನೆ ಕಾಳು ತುಂಬಿಡುವ ಕೋಣೆಯಾಗಿ, ಕೊನೆಗೆ ಬಿಚ್ಚಿಹೋಯಿತು. ಅದರ ಹೊಗೆಗೂಡಿನ ಪಾಯ ಸಿಕ್ಕಿದ್ದು 1945ರಲ್ಲಿ.

ತರಗತಿಗೆ

ಈ ಜೀವನದಿಂದ ಎರಡು ಚಟುವಟಿಕೆಗಳನ್ನು ಪ್ರೌಢಶಾಲೆಯಲ್ಲಿ ಮಾಡಿಸಬಹುದು. ಒಂದು, ಅಂಗಳದಲ್ಲಿ 10 ಅಡಿ, 15 ಅಡಿ ಅಳೆದು ಸುಣ್ಣದ ಗೆರೆ ಹಾಕಿಸಿ, 150 ಚದರ ಅಡಿಯಲ್ಲಿ ಏನೇನು ಹಿಡಿಯುತ್ತದೆ, ಇಂದಿನ ದರದಲ್ಲಿ ಅದಕ್ಕೆ ಏನು ಖರ್ಚು ಎಂದು ಮಕ್ಕಳಿಂದಲೇ ವಿಚಾರಿಸಿ ಬರೆಸುವುದು. ಇನ್ನೊಂದು ನೀರಿನ ಲೆಕ್ಕ. ಒಂದು ಕೊಡ 12 ಲೀಟರ್ ಹಿಡಿದರೆ ನೀರಿನ ತೂಕವೇ 12 ಕಿಲೋ. ದಿನಕ್ಕೆ 10 ಕೊಡವಾದರೆ 120 ಕಿಲೋ. ಇದಕ್ಕೆ ನಡೆದ ದೂರ, ಹಿಡಿದ ಹೊತ್ತು ಸೇರಿಸಿ ಪಟ್ಟಿ ಮಾಡಿಸಬೇಕು. ಆ ಪಟ್ಟಿಯಲ್ಲಿ ಹೊತ್ತವರು ಯಾರು ಎಂಬ ಒಂದು ಕಲಂ ತಪ್ಪದೆ ಇರಲಿ. ಆ ಪಾಠದ ಮಟ್ಟಿಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವಳು ಬೆಳಿಗ್ಗೆ ನೀರು ತಂದ ಹುಡುಗಿ. ಉತ್ತರವನ್ನು ಮೊದಲು ಅವಳಿಂದಲೇ ಕೇಳಬೇಕು.