ಭದ್ರತಾ ಮಂಡಳಿಯ ಪೀಠದಲ್ಲಿ ಮಂಗಳೂರಿನ ಬಿ.ಎನ್. ರಾವ್

ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯ 2022ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದಾಗ ಭಾರತ ಮತದಾನದಿಂದ ದೂರ ಉಳಿಯಿತು. ಪಶ್ಚಿಮದ ರಾಜಧಾನಿಗಳು ಅಸಮಾಧಾನಗೊಂಡವು. ಆದರೆ ಇಂಥ ಇಕ್ಕಟ್ಟು ಭಾರತಕ್ಕೆ ಹೊಸದಲ್ಲ. ಗಣರಾಜ್ಯವಾಗಿ ಐದು ತಿಂಗಳಷ್ಟೇ ಕಳೆದಿದ್ದ 1950ರ ಜೂನ್‌ನಲ್ಲಿ ಅದೇ ಮಂಡಳಿಯಲ್ಲಿ ಅದು ಇದಕ್ಕಿಂತ ಬಿಗಿಯಾದ ಬಿಕ್ಕಟ್ಟನ್ನು ಎದುರಿಸಿತ್ತು. ಆಗ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಮಂಗಳೂರಿನ ಸರ್ ಬೆನಗಲ್ ನರಸಿಂಗ ರಾವ್.

1887ರ ಫೆಬ್ರವರಿ 26ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದ ರಾವ್ ಅವರ ತಂದೆ ವೈದ್ಯರು. ಸೋದರರೂ ಸಾಮಾನ್ಯರಲ್ಲ. ರಾಮ ರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಶಿವರಾವ್ ಪತ್ರಕರ್ತರಾಗಿ, ಸಂಸದರಾಗಿ ಹೆಸರು ಮಾಡಿದರು. ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜುಗಳನ್ನು ದಾಟಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ, ಐಸಿಎಸ್ ತೇರ್ಗಡೆಯಾದರು. ಬಂಗಾಳ, ಅಸ್ಸಾಂಗಳಲ್ಲಿ ಸೇವೆ, ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶ ಹುದ್ದೆ, ಸಿಂಧೂ ನದಿ ನೀರಿನ ವಿವಾದದ ಆಯೋಗದ ಅಧ್ಯಕ್ಷತೆ, 1944-45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿ ಪದವಿ ಒಂದರ ಹಿಂದೊಂದು ಬಂದವು.

1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾದ ಅವರು ಮರುವರ್ಷವೇ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟರು. ಗಣರಾಜ್ಯೋತ್ಸವ ಬಂದಾಗ ಅವರ ಹೆಸರು ಕೇಳಿಬರುವುದು ಈ ಕಾರಣಕ್ಕಾಗಿ. ಅದರ ನಂತರದ ನಾಲ್ಕು ವರ್ಷಗಳ ಕಥೆಯನ್ನು ಬಲ್ಲವರು ಕಡಿಮೆ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಸರದಿಯ ಮೇಲೆ ಆ ತಿಂಗಳ ಅಧ್ಯಕ್ಷತೆ ಭಾರತದ ಪಾಲಿಗೆ ಬಂದಿತ್ತು. ಕಮ್ಯುನಿಸ್ಟ್ ಚೀನಾಕ್ಕೆ ಸ್ಥಾನ ಕೊಡಲಿಲ್ಲವೆಂದು ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆಗಳನ್ನು ಬಹಿಷ್ಕರಿಸಿತ್ತು. ಹೀಗಾಗಿ ವೀಟೋ ಚಲಾಯಿಸುವವರು ಯಾರೂ ಇರಲಿಲ್ಲ. ಹೋರಾಟ ನಿಲ್ಲಿಸಿ ಹಿಂದಿರುಗುವಂತೆ ಉತ್ತರ ಕೊರಿಯಾಕ್ಕೆ ಸೂಚಿಸಿದ ಮೊದಲ ನಿರ್ಣಯಕ್ಕೆ ಭಾರತ ಒಪ್ಪಿಗೆ ನೀಡಿತು. ಕಷ್ಟ ಎದುರಾದದ್ದು ಎರಡು ದಿನಗಳ ಬಳಿಕ. ದಕ್ಷಿಣ ಕೊರಿಯಾಕ್ಕೆ ಸೇನಾ ನೆರವು ನೀಡಬೇಕೆಂಬ ನಿರ್ಣಯ ಮತಕ್ಕೆ ಬಂತು. ದೆಹಲಿಯ ಸೂಚನೆಗಾಗಿ ಗಂಟೆಗಟ್ಟಲೆ ಕಾದರೂ ಅದು ಬರಲಿಲ್ಲ. ಭಾರತ ಮತ್ತು ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ. ಅಧ್ಯಕ್ಷನ ದೇಶವೇ ಮತ ಹಾಕದ ಆ ರಾತ್ರಿ ರಾಯರಿಗೆ ಎಷ್ಟು ಮುಜುಗರ ತಂದಿರಬಹುದೆಂದು ಊಹಿಸಬಹುದು. ದೆಹಲಿ ಆ ನಿರ್ಣಯವನ್ನು ಅಂಗೀಕರಿಸಿದ್ದು ಜೂನ್ 29ರಂದು. ಆದರೆ ಅಮೆರಿಕದ ನೇತೃತ್ವದಲ್ಲಿ ಏಕೀಕೃತ ಸೇನಾ ಕಮಾಂಡ್ ರಚಿಸುವ ಜುಲೈ 7ರ ನಿರ್ಣಯದಲ್ಲಿ ಭಾರತ ತಟಸ್ಥವಾಯಿತು. ಸೈನಿಕರ ಬದಲು ವೈದ್ಯಕೀಯ ತುಕಡಿಯೊಂದನ್ನು ಕಳುಹಿಸಿತು.

ಆಗಸ್ಟ್‌ನಲ್ಲಿ ಮಂಡಳಿಯ ಆರು ಕಾಯಂ ಅಲ್ಲದ ಸದಸ್ಯ ರಾಷ್ಟ್ರಗಳ ಸಮಿತಿಯೊಂದು ಶಾಂತಿಯ ದಾರಿ ಹುಡುಕಲಿ ಎಂಬ ಸಲಹೆಯನ್ನು ರಾವ್ ಮುಂದಿಟ್ಟರು. ದೊಡ್ಡ ರಾಷ್ಟ್ರಗಳು ಉತ್ಸಾಹ ತೋರಲಿಲ್ಲ. ವಿಶ್ವಸಂಸ್ಥೆಯ ಪಡೆ 38ನೇ ಅಕ್ಷಾಂಶವನ್ನು ದಾಟಿದರೆ ಚೀನಾ ಸುಮ್ಮನಿರದೆಂಬ ಎಚ್ಚರಿಕೆ ಅಕ್ಟೋಬರ್ ಆರಂಭದಲ್ಲಿ ಪೀಕಿಂಗ್‌ನಲ್ಲಿದ್ದ ರಾಯಭಾರಿ ಕೆ.ಎಂ. ಪಣಿಕ್ಕರ್ ಮೂಲಕ ಬಂತು. ವಾಷಿಂಗ್ಟನ್ ಅದನ್ನು ನಂಬಲಿಲ್ಲ. ಕೆಲವೇ ವಾರಗಳಲ್ಲಿ ಚೀನಾದ ಸೈನ್ಯ ಯಾಲೂ ನದಿಯನ್ನು ದಾಟಿತು.

ಡಿಸೆಂಬರ್ 14ರಂದು ಸಾಮಾನ್ಯ ಸಭೆ ಕದನ ವಿರಾಮಕ್ಕಾಗಿ ಮೂವರ ತಂಡವನ್ನು ರಚಿಸಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾವ್. ಆಗ ನ್ಯೂಯಾರ್ಕಿಗೆ ಬಂದಿದ್ದ ಚೀನಾದ ನಿಯೋಗದೊಂದಿಗೆ ರಾವ್ ಮಾತುಕತೆಗೆ ಯತ್ನಿಸಿದರು. ನಿಯೋಗ ಡಿಸೆಂಬರ್ 19ರಂದು ಮರಳಿ ಹೊರಟುಹೋಯಿತು. ತಂಡ ಛಲ ಬಿಡದೆ ಮೊದಲು ಕದನ ವಿರಾಮ, ಬಳಿಕ ಹಂತಹಂತವಾಗಿ ವಿದೇಶಿ ಪಡೆಗಳ ವಾಪಸಾತಿ, ಆಮೇಲೆ ಚೀನಾವನ್ನೂ ಸೇರಿಸಿಕೊಂಡ ಸಮಾವೇಶ ಎಂಬ ಸೂತ್ರ ರೂಪಿಸಿತು. ಮಾತುಕತೆಗೆ ಮುನ್ನವೇ ಬಂದೂಕು ಕೆಳಗಿಡಲು ಒಪ್ಪದ ಪೀಕಿಂಗ್ 1951ರ ಜನವರಿ 17ರಂದು ಅದನ್ನು ತಿರಸ್ಕರಿಸಿತು. ಚೀನಾವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯ ಫೆಬ್ರವರಿ 1ರಂದು 44 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದ ಏಳು ಮತಗಳಲ್ಲಿ ಐದು ಸೋವಿಯತ್ ಬಣದವು, ಉಳಿದೆರಡು ಭಾರತ ಮತ್ತು ಬರ್ಮಾದವು. ಅಮೆರಿಕದ ಪತ್ರಿಕೆಗಳಿಗೆ ಇದು ಹಿಡಿಸದಿದ್ದರೂ, ಸಂಧಾನದ ಬಾಗಿಲು ಮುಚ್ಚಬಾರದೆಂಬ ರಾಯರ ನಿಲುವಿನಲ್ಲಿ ಹುರುಳಿತ್ತು. ಯುದ್ಧ ನಿಂತದ್ದು 1953ರ ಜುಲೈನಲ್ಲಿ, ಹೆಚ್ಚುಕಡಿಮೆ ಅದೇ 38ನೇ ಅಕ್ಷಾಂಶದ ಆಸುಪಾಸಿನಲ್ಲಿ.

ಕಾಶ್ಮೀರದ ವಿಷಯದಲ್ಲಿ ಅವರ ನಡೆ ಇಷ್ಟು ಸಲೀಸಾಗಿ ಮೆಚ್ಚುವಂಥದ್ದಲ್ಲ. ಕಾಶ್ಮೀರದ ಸಂವಿಧಾನ ಸಭೆ ವಿಲೀನದ ಬಗ್ಗೆ ಅಭಿಪ್ರಾಯ ಹೇಳಿದರೂ ಅದು ಭದ್ರತಾ ಮಂಡಳಿಯ ಅಧಿಕಾರಕ್ಕೆ ಅಡ್ಡಿಯಾಗದೆಂದು 1951ರ ಮಾರ್ಚ್‌ನಲ್ಲಿ ಅವರು ಭರವಸೆ ನೀಡಿದರು. ನ್ಯಾಯಾಧೀಶರ ಪ್ರಾಮಾಣಿಕತೆ ಅದರಲ್ಲಿತ್ತು; ಮುಂದೆ ಆ ಮಾತು ಭಾರತದ ವಾದಕ್ಕೆ ಭಾರವಾಗಿಯೇ ಉಳಿಯಿತು.

ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹುದ್ದೆಗೂ 1950ರಲ್ಲಿ ಅವರ ಹೆಸರು ಕೇಳಿಬಂದಿತ್ತು. ಸೋವಿಯತ್ ಪಾಳಯ ಒಪ್ಪುವ ಹೆಸರನ್ನು ಅಮೆರಿಕ ಒಪ್ಪುವ ಕಾಲ ಅದಾಗಿರಲಿಲ್ಲ. ಟ್ರಿಗ್ವೆ ಲೀ ಮುಂದುವರಿದರು. 1952ರಲ್ಲಿ ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಲ್ಲಿ ಎರಡು ವರ್ಷವೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ನಿಧನರಾದರು. ಅವರಿಂದ ತೆರವಾದ ಪೀಠಕ್ಕೆ ಮರುವರ್ಷ ಆಯ್ಕೆಯಾದವರು ಪಾಕಿಸ್ತಾನದ ವಿದೇಶಾಂಗ ಸಚಿವರಾಗಿ ಕಾಶ್ಮೀರದ ಬಗ್ಗೆ ಭಾರತದ ವಿರುದ್ಧ ವಾದಿಸುತ್ತ ಬಂದಿದ್ದ ಜಫರುಲ್ಲಾ ಖಾನ್.