ವೈರಾಗ್ಯನಿಧಿ ಶ್ರೀ ಮಹಾದೇವಿಯಕ್ಕ

ಚೈತ್ರ ಶುದ್ಧ ಪೌರ್ಣಿಮೆಯನ್ನು ನಮ್ಮ ನಾಡಿನವರು ದವನದ ಹುಣ್ಣಿಮೆಯೆಂದು ಕರೆಯುವರು. ಆ ಪುಣ್ಯತಿಥಿಯಲ್ಲಿಯೇ ಶರಣಸಮೂಹವು ಮಹಾದೇವಿಯಕ್ಕನ ಜಯಂತಿಯನ್ನು ಆಚರಿಸುತ್ತ ಬಂದಿರುವುದು. ಮಾಘ ಫಾಲ್ಗುಣಗಳಲ್ಲಿ ಹಣ್ಣೆಲೆಗಳನ್ನು ಉದುರಿಸಿ ಬರಿದಾಗಿ ನಿಂತ ಮರವು ಚೈತ್ರದಲ್ಲಿ ಚಿಗುರುವುದನ್ನು ಎಲ್ಲರೂ ಕಂಡಿರುವೆವು. ಋತುವು ಮರದಿಂದ ಮಾಡಿಸುವ ಈ ಕಾರ್ಯವನ್ನು ಮನುಷ್ಯನು ತನ್ನ ಅಂತರಂಗದಲ್ಲಿ ತಾನೇ ಮಾಡಿಕೊಳ್ಳಬೇಕಾಗಿದೆ. ಅದನ್ನು ಪೂರ್ಣವಾಗಿ ಮಾಡಿ ತೋರಿದ ಮಹಾಮಾತೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯಲ್ಲಿರುವ ಉಡುತಡಿಯು ಅಕ್ಕನ ಜನ್ಮಸ್ಥಾನ. ಅಲ್ಲಮಪ್ರಭುದೇವರ ಬಳ್ಳಿಗಾವೆಯೂ ಅದೇ ಸೀಮೆಗೆ ಸೇರಿದುದು. ಕಾಲವು 12ನೆಯ ಶತಮಾನ. ತಾಯಿತಂದೆಗಳು ಶಿವಭಕ್ತರು. ಲಿಂಗಪೂಜೆಯಲ್ಲಿಯೇ ಬೆಳೆದ ಈ ಕನ್ಯೆಯು ಶ್ರೀಶೈಲದ ಚೆನ್ನಮಲ್ಲಿಕಾರ್ಜುನನನ್ನೇ ತನ್ನ ಪತಿಯೆಂದು ಮನದಲ್ಲಿ ವರಿಸಿದಳು. ಇಂತಿರಲು ಕೌಶಿಕನೆಂಬ ಅರಸನು ಆಕೆಯ ರೂಪಕ್ಕೆ ಮರುಳಾಗಿ ವಿವಾಹವನ್ನು ಬಯಸಿದನು. ತಾಯಿತಂದೆಗಳಿಗೆ ಅರಸನ ಭಯ. ಮಗಳಿಗೆ ತಾಯಿತಂದೆಗಳ ಮೇಲಣ ಕರುಣೆ.

ಮುಂದಿನ ಕಥೆಯನ್ನು ಕವಿಗಳು ಎರಡು ವಿಧವಾಗಿ ಹೇಳಿರುವರು. ಹಂಪೆಯ ಹರಿಹರನು ರಚಿಸಿದ ರಗಳೆಯ ಪ್ರಕಾರ ಅಕ್ಕನು ನಿಬಂಧನೆಗಳನ್ನು ಮುಂದಿಟ್ಟು ವಿವಾಹಕ್ಕೆ ಒಪ್ಪಿದಳು. ಲಿಂಗಪೂಜೆ, ಗುರುಸೇವೆ, ಮಾಹೇಶ್ವರರ ಸಂಗ ಇವುಗಳಲ್ಲಿ ತಾನು ಸ್ವತಂತ್ರಳಾಗಿರಬೇಕು. ಅರಸನು ಮೂರು ಸಲ ತಪ್ಪಿ ನಡೆದರೆ ಅವನನ್ನು ಬಿಟ್ಟು ಹೋಗುವೆನೆಂಬುದೇ ಆ ಒಪ್ಪಂದ. ಅರಸನು ಮೂರು ಸಲವೂ ತಪ್ಪಿದನು. 15ನೆಯ ಶತಮಾನದ ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿ ವಿವಾಹವು ನಡೆಯಲೇ ಇಲ್ಲವೆಂದು ಹೇಳುವನು. ಈ ವಿಷಯದಲ್ಲಿ ವಾದಿಸಿ ಕಾಲ ಕಳೆಯುವುದರಿಂದ ಪ್ರಯೋಜನವಿಲ್ಲ. ಅಕ್ಕನು ಅರಮನೆಯ ಐಶ್ವರ್ಯವನ್ನೂ ಉಟ್ಟ ವಸ್ತ್ರವನ್ನೂ ತೊರೆದು, ಕೇಶವನ್ನೇ ಹೊದಿಕೆಯಾಗಿಸಿಕೊಂಡು ಹೊರಟಳೆಂಬಲ್ಲಿ ಇಬ್ಬರೂ ಒಂದಾಗಿರುವರು. ಹರಿಹರನ ಕಥೆಯಿಂದ ನಾವು ಗ್ರಹಿಸಬೇಕಾದ ಮರ್ಮವೊಂದುಂಟು. ಹಗಲು ಶಿವನಿಗೆ, ಇರುಳು ಅರಸನಿಗೆ ಎಂದು ತನ್ನನ್ನು ಎರಡಾಗಿ ಹಂಚಿಕೊಂಡು ಬಾಳುವ ಬಾಳು ಅಕ್ಕನಂತಹವಳಿಗೂ ಸಾಧ್ಯವಾಗಲಿಲ್ಲ.

ಊರು, ಬಂಧುಗಳು, ಲೋಕಾಪವಾದದ ಅಂಜಿಕೆ ಇವೆಲ್ಲವನ್ನೂ ಉದುರಿಸಿ ಅಕ್ಕನು ಕಲ್ಯಾಣಕ್ಕೆ ಬಂದಳೆಂದು ಚಾಮರಸನೂ ಶೂನ್ಯಸಂಪಾದನೆಗಳೂ ವರ್ಣಿಸುವುವು. ಅಲ್ಲಿ ಆಕೆಗೆ ಒಡನೆಯೇ ಮನ್ನಣೆ ದೊರೆಯಲಿಲ್ಲ. ಅನುಭವಮಂಟಪದಲ್ಲಿ ಪ್ರಭುದೇವರು ಕಠೋರವಾಗಿ ಪರೀಕ್ಷಿಸಿದರು. ಸರ್ವವನ್ನೂ ಬಿಟ್ಟವಳು ಕೇಶದಿಂದ ದೇಹವನ್ನು ಮರೆಮಾಡುವುದೇಕೆಂದು ಕೇಳಿದರು. ಈ ಪ್ರಶ್ನೆಯು ತ್ಯಾಗದ ಬುಡವನ್ನೇ ಅಲುಗಿಸುವಂತಹುದು. ಬಿಟ್ಟೆನೆಂಬ ಅಭಿಮಾನವು ಬಿಡದೆ ಉಳಿದಿದ್ದರೆ ಅದೂ ಒಂದು ವಸ್ತ್ರವೇ ಸರಿ. ಅಕ್ಕನು ಕೋಪಿಸಲೂ ಇಲ್ಲ, ಕುಗ್ಗಲೂ ಇಲ್ಲ. ತನ್ನ ಲಜ್ಜೆಗಾಗಿ ಮುಚ್ಚಿಕೊಂಡುದಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಹಾಗೆ ಮಾಡಿದೆನೆಂದು ವಿನಯದಿಂದ ತಿಳಿಸಿದಳು. ಎಲ್ಲವೂ ಉದುರಿದ ಮೇಲೆ ಆಕೆಯಲ್ಲಿ ಉಳಿದುದು ಕರುಣೆಯೊಂದೇ. ಪ್ರಭುದೇವರು ಸಂತುಷ್ಟರಾದರು. ವಯಸ್ಸಿನಲ್ಲಿ ಕಿರಿಯಳಾದ ಆಕೆಯನ್ನು ಶರಣರು ಅಕ್ಕನೆಂದು ಗೌರವಿಸಿದರು. ಚೆನ್ನಬಸವಣ್ಣನವರು ಆಕೆಯ ಒಂದು ವಚನವನ್ನು ಹಿರಿಯರ ಹಲವು ವಚನಗಳಿಗೆ ಮಿಗಿಲಾಗಿ ಎಣಿಸಿದರು.

ಅಕ್ಕನ ವಚನಗಳು ನಾನೂರಕ್ಕೂ ಮಿಕ್ಕು ದೊರೆತಿರುವುವು. ತ್ರಿಪದಿಯಲ್ಲಿ ರಚಿತವಾದ ಯೋಗಾಂಗತ್ರಿವಿಧಿಯೂ ಆಕೆಯದೇ. ಈ ವಚನಗಳನ್ನು ಓದುವವರಿಗೆ ಒಂದು ವಿಷಯವು ಸ್ಪಷ್ಟವಾಗುವುದು. ಅಕ್ಕನು ತನ್ನಲ್ಲಿದ್ದ ಯಾವುದನ್ನೂ ದೇವರಿಂದ ಬಚ್ಚಿಡಲಿಲ್ಲ. ಹಸಿವು ನಿದ್ರೆಗಳ ಕಾಟವನ್ನು ಹೇಳಿಕೊಂಡಳು. ವಿರಹದ ತಾಪವನ್ನು ನುಡಿದಳು. ಅಡವಿಯಲ್ಲಿ ದುಂಬಿಯನ್ನು, ಮಾಮರವನ್ನು, ಬೆಳುದಿಂಗಳನ್ನು, ಕೋಗಿಲೆಯನ್ನು ಕರೆದು ತನ್ನೊಡೆಯನ ಸುಳಿವನ್ನು ಬೇಡಿದಳು. ವಿರಕ್ತೆಯೆಂದು ಹೃದಯವನ್ನು ಒಣಗಿಸಿಕೊಳ್ಳದೆ, ಸ್ತ್ರೀಸಹಜವಾದ ಒಲವನ್ನೆಲ್ಲ ಲಿಂಗದೇವನ ಕಡೆಗೇ ತಿರುಗಿಸಿದಳು. ಅಂಗಗುಣಗಳು ಲಿಂಗಗುಣಗಳಾಗುವುದೆಂದರೆ ಇದೇ.

ಕಡೆಗೆ ಶರಣರ ಅಪ್ಪಣೆಯನ್ನು ಪಡೆದು ಕೃಷ್ಣಾತೀರದ ಶ್ರೀಶೈಲಕ್ಕೆ ತೆರಳಿ, ಕದಳೀವನದಲ್ಲಿ ಚೆನ್ನಮಲ್ಲಿಕಾರ್ಜುನನೊಡನೆ ಬೆರೆದಳು. ಆ ಗಿರಿಯಲ್ಲಿ ಅಕ್ಕನ ಹೆಸರಿನ ಗುಹೆಯನ್ನು ಯಾತ್ರಿಕರು ಇಂದಿಗೂ ಭಕ್ತಿಯಿಂದ ದರ್ಶಿಸುವರು.

ಸದ್ಭಕ್ತರೇ, ಅಕ್ಕನಂತೆ ಅರಣ್ಯವನ್ನು ಸೇರುವ ಶಕ್ತಿಯು ನಮ್ಮೆಲ್ಲರಿಗೂ ಇಲ್ಲ. ಗೃಹಸ್ಥರಾದ ನಿಮ್ಮಿಂದ ಅದನ್ನು ಯಾರೂ ಅಪೇಕ್ಷಿಸುವುದೂ ಇಲ್ಲ. ಆದರೆ ಮಠದಲ್ಲೊಂದು ಮನೆಯಲ್ಲೊಂದು ಸಂತೆಯಲ್ಲೊಂದು ಎಂದು ನಾವು ತೊಟ್ಟುಕೊಳ್ಳುವ ಮುಖಗಳು ಹಣ್ಣೆಲೆಗಳೇ ಅಲ್ಲವೇ? ಯುಗಾದಿಗೆ ಮನೆಯನ್ನು ಸಾರಿಸಿ ತೋರಣ ಕಟ್ಟುವ ನಾವು, ದವನದ ಹುಣ್ಣಿಮೆಯೊಳಗಾಗಿ ಅಂತಹ ಒಂದೆಲೆಯನ್ನಾದರೂ ಉದುರಿಸಿ, ಇಷ್ಟಲಿಂಗದ ಮುಂದೆ ಇದ್ದಂತೆಯೇ ಕುಳಿತುಕೊಳ್ಳೋಣ. ಅದೇ ಅಕ್ಕನಿಗೆ ಸಲ್ಲಿಸುವ ಪೂಜೆ. ಆ ಮಹಾಮಾತೆಯ ಕೃಪೆಯು ಶ್ರೀಮಠದ ಶಿಷ್ಯವರ್ಗದ ಮೇಲೆ ಸದಾ ಇರಲಿ.

ಸರ್ವರಿಗೂ ಶಿವಮಂಗಳವಾಗಲಿ.